ಮುನ್ನುಡಿಯಿಂದ ಹೊರಟ ಹೊಳಿಯಪ್ಪ

“ನಮ್ಮ ಹೊಳಿಯಪ್ಪ ಇಂಗ್ಲಿಷ್ ಇತಿಹಾಸದ ಪುಸ್ತಕಾನ ಈ ರಟ್ಟಿನಿಂದ ಆ ರಟ್ಟಿನ ಮಟಾ ಬಾಯಿಪಾಠ ಮಾಡ್ಯಾನ್ರಿ! ನಡುವ ಉಸುರು ಸೈತ ತಗೊಳ್ಳೂದಿಲ್ಲ!”

೧೯೫೪ರ ದಸರೆಯ ಹೊತ್ತಿಗೆ, ರೋಣದ ಹತ್ತಿ ಪೇಟೆಯಲ್ಲಿ ಅಡತಿ ದಲಾಲಿ ತೋಟಪ್ಪನ ಕಟ್ಟೆಯ ಮೇಲೆ ಕೂತು ಬೆಳವಣಕಿಯ ಸಣ್ಣ ಹತ್ತಿ ವ್ಯಾಪಾರಿ ಅಂದಾನಪ್ಪ ಮಗನ ವಿಷಯ ಹೀಗೆ ಸಾರಿದ. ಆ ದನಿಗೆ ಗಜೇಂದ್ರಗಡದ ಗುಡ್ಡದ ಮೇಲಿನ ಆಡುಗಳು ಮೇಯುವುದು ಬಿಟ್ಟು ತಲೆಯೆತ್ತಿದವಂತೆ.

ಮಾತು ಸುಳ್ಳಲ್ಲ. ಜೂನಿನಲ್ಲಿ ಧಾರವಾಡದ ಕಾಲೇಜು ಸೇರಿದ ಹೊಳಿಯಪ್ಪನಿಗೆ ಪ್ರೊಫೆಸರರ ಇಂಗ್ಲಿಷು ತಲೆಯ ಮೇಲೆ ಹಾದು ಕಿಟಕಿಯಿಂದ ಹೊರಗೆ ಹೋಗುತ್ತಿತ್ತು. ಊರಿನ ಸಾಲೆಯಲ್ಲಿ ಅವನು ಕಲಿತದ್ದು ಒಂದೇ ವಿದ್ಯೆ: ಮೈ ತೂಗುತ್ತ, ಮೊದಲ ಸಾಲಿನಿಂದ ಕಡೆಯ ಸಾಲಿನವರೆಗೆ ಒದರುವುದು. ಮುನ್ನೂರ ಹನ್ನೆರಡು ಪುಟಗಳನ್ನೂ ಹಾಗೆಯೇ ಒದರಿದ. ಗಣೇಶ ಚೌತಿಯ ಹೊತ್ತಿಗೆ ಅವನಿದ್ದ ಬೋರ್ಡಿಂಗಿನ ಗೋಡೆಯ ಹಲ್ಲಿಗಳು ಮೂರು ಅಧ್ಯಾಯ ಒಪ್ಪಿಸುತ್ತಿದ್ದವು. ಅರ್ಥ ಮಾತ್ರ ಹಲ್ಲಿಗಳಿಗೆ ಎಷ್ಟು ಗೊತ್ತಿತ್ತೋ ಅಷ್ಟೇ ಇವನಿಗೂ ಗೊತ್ತಿತ್ತು.

ದಸರೆ ಕಳೆದು ಪರೀಕ್ಷೆ ಬಂತು. ಮೊದಲ ಪ್ರಶ್ನೆಯೇ ಐದನೆಯ ಅಧ್ಯಾಯದ್ದು. ಅಲ್ಲಿಗೆ ಹೋಗಲು ಹೊಳಿಯಪ್ಪನಿಗೆ ತಿಳಿದದ್ದು ಒಂದೇ ದಾರಿ: ಮುನ್ನುಡಿಯಿಂದ ಹೊರಡುವುದು. ಬೆವರು ಸುರಿಸುತ್ತ ಮೂರು ತಾಸು ಬರೆದ. ಗಂಟೆ ಬಾರಿಸಿದಾಗ ಇನ್ನೂ ಎರಡನೆಯ ಅಧ್ಯಾಯದಲ್ಲಿದ್ದ.

ನೂರಕ್ಕೆ ಒಂಬತ್ತು. ಪಕ್ಕದಲ್ಲಿ ಕೆಂಪು ಶಾಯಿಯ ಬರಹ: ‘ಮುದ್ರಕರಿಗೆ ನೀನೇಕೆ ಕೃತಜ್ಞತೆ ಹೇಳಿದೆ?’

ಬೋರ್ಡಿಂಗಿನ ಮೇಲ್ವಿಚಾರಕರು ಕರೆದು ಹೇಳಿದರು: “ಪುಕ್ಕಟೆ ಊಟ ಪಾಸಾದವರಿಗೆ. ಮಾರ್ಚಿನಾಗೂ ಹಿಂಗಾದ್ರ ಹಾಸಿಗಿ ಸುತ್ತಗೋ.” ಊಟವಿಲ್ಲದಿದ್ದರೆ ಕಾಲೇಜಿಲ್ಲ. ಹೊಳಿಯಪ್ಪ ‘ಓದು ಬಹಳವಿದೆ’ ಎಂದು ಕಾಗದ ಬರೆದು ದೀಪಾವಳಿಗೆ ಊರಿಗೆ ಹೋಗುವುದನ್ನು ತಪ್ಪಿಸಿದ. ಪೇಟೆಗೆಲ್ಲ ಡಂಗುರ ಹೊಡೆದ ಅಪ್ಪನಿಗೆ ಮುಖ ತೋರಿಸುವುದು ಹೇಗೆ? ದಿನಾ ಸಂಜೆ ಸ್ಟೇಷನ್ನಿಗೆ ಹೋಗಿ, ಮುಂಬಯಿಯ ಗಿರಣಿಗಳಲ್ಲಿ ಕೆಲಸ ಸಿಕ್ಕೀತೇ ಎಂದು ಯೋಚಿಸುತ್ತ ಬೆಂಚಿನ ಮೇಲೆ ಕೂಡುತ್ತಿದ್ದ.

ಮಗ ಬರದಿದ್ದಾಗ ಅಪ್ಪನೇ ಬಂದ. ತಾಯಿ ಕಳಕವ್ವ ಕಟ್ಟಿಕೊಟ್ಟ ಖಡಕ್ ರೊಟ್ಟಿಯ ಗಂಟು ಇಳಿಸಿ, ಕೋಣೆಯ ಜೊತೆಗಾರ ನರಗುಂದದ ಪ್ರಾಣೇಶನನ್ನೂ ಎದುರಿಗೆ ಕೂರಿಸಿಕೊಂಡು, ಪುಸ್ತಕವನ್ನು ನಡುವೆ ತೆರೆದು ಬೆರಳಿಟ್ಟ.

“ಇಲ್ಲೇನೈತಿ, ಹೇಳು ತಮ್ಮಾ. ಕಿವಿಲೆ ಕೇಳಿ ಹೋಗೂಣಂತ ಬಂದೇನಿ.”

ಹೊಳಿಯಪ್ಪ ಹಾಳೆಗಳನ್ನು ಹಿಂದಕ್ಕೆ ಮಗುಚಿದ. “ಮೊದಲಿಂದ ಹೇಳ್ಲೇನಪ್ಪಾ?”

“ಯಾಕ? ಇಲ್ಲಿಂದ ಬರೂದಿಲ್ಲೇನು?”

ಹಾಸಿಗೆಯ ಕೆಳಗಿನ ಉತ್ತರಪತ್ರಿಕೆ ತೆಗೆದು ಅಪ್ಪನ ಮುಂದಿಟ್ಟು ಹೊಳಿಯಪ್ಪ ಅತ್ತುಬಿಟ್ಟ. ಇಂಗ್ಲಿಷು ಬಾರದಿದ್ದರೂ ಅಂದಾನಪ್ಪನಿಗೆ ಅಂಕಿ ಓದಲು ಬರುತ್ತಿತ್ತು. ಹುಟ್ಟಿದಂದಿನಿಂದ ಮೊದಲ ಸಲ ಅವನ ದನಿ ತಗ್ಗಿತು. ಮೆಲ್ಲಗೆ ಅಂದ:

“ಲೇ, ಹತ್ತಿ ತುಂಬಿದ ಅಂಡಿಗಿ ಚೀಲ ಬಂತಂದ್ರ ನಾ ಮ್ಯಾಲಿಂದ ನೋಡತೇನೇನು? ನಡುವ ಮೊಳಕೈ ಮಟಾ ಕೈ ಹಾಕಿ ಒಂದು ಹಿಡಿ ಕೀಳತೇನಿ. ಬೆರಳಾಗ ಜಗ್ಗಿ ಎಳಿ ಎಷ್ಟು ಉದ್ದ ಅಂತ ನೋಡತೇನಿ. ಅಂಡಿಗಿ ತುಂಬಾ ನೀನು ಏನು ತುಂಬೀಯೋ ನಿನಗs ಗೊತ್ತಿಲ್ಲಲ್ಲೋ!”

“ಜಗ್ಗಿ ನೋಡಾಕ ನಾ ಇದ್ದೇನಲ್ರಿ ಕಾಕಾ,” ಅಂದ ಪ್ರಾಣೇಶ, ರೊಟ್ಟಿಯ ಗಂಟಿನ ಮೇಲೆ ಕಣ್ಣಿಟ್ಟು. “ಶೇಂಗಾ ಚಟ್ನಿ ಮಾತ್ರ ತಪ್ಪದಂಗ ಬರಲಿ.”

ಅಂದಿನಿಂದ ಅದೇ ಕ್ರಮ. ಪ್ರಾಣೇಶ ಕಣ್ಣು ಮುಚ್ಚಿ ಪುಸ್ತಕ ತೆರೆಯುವುದು. ಸಿಕ್ಕ ಪುಟವನ್ನು ಹೊಳಿಯಪ್ಪ ಕನ್ನಡದಲ್ಲಿ ಬಿಡಿಸಿ ಹೇಳುವುದು. ಮೊದಮೊದಲು ಎರಡೇ ಸಾಲಿಗೆ ಎಳೆ ಹರಿಯುತ್ತಿತ್ತು. ಗೊತ್ತಿಲ್ಲದ್ದು ಎಷ್ಟೆಂದು ತಿಳಿದು ಭಯ ಇನ್ನೂ ಹೆಚ್ಚಾಯಿತು. ಚಳಿಗಾಲದಲ್ಲಿ ಅವರು ತಿಂದ ಚಟ್ನಿಗೆ ರೋಣ ತಾಲೂಕಿನ ಶೇಂಗಾ ದರ ಏರಿತೆಂಬುದನ್ನು ನೀವು ನಂಬದಿದ್ದರೂ ಸರಿ, ಮಾರ್ಚಿನಲ್ಲಿ ಅವನಿಗೆ ಐವತ್ತೆರಡು ಅಂಕ ಬಂದದ್ದನ್ನು ನಂಬಲೇಬೇಕು. ಊಟ ಉಳಿಯಿತು, ಕಾಲೇಜೂ ಉಳಿಯಿತು.

ರಜೆಯಲ್ಲಿ ಅಪ್ಪನ ಜೊತೆ ಪೇಟೆಗೆ ಬಂದಾಗ ತೋಟಪ್ಪ ಕೇಳಿದ: “ಏನಪಾ ಹೊಳಿಯಪ್ಪ, ಪುಸ್ತಕ ಇನ್ನೂ ಬಾಯಾಗ ಐತೇನು?”

ಅಂದಾನಪ್ಪನೇ ಮುಂದಾದ: “ಈ ರಟ್ಟಿನಿಂದ ಆ ರಟ್ಟಿನ ಮಟಾ! ಉಸುರು ಸೈತ…”

“ನಾ ಮರತೇನ್ರಿ ಕಾಕಾ,” ಅಂದ ಹೊಳಿಯಪ್ಪ. “ಬಾಯಿಪಾಠ ಉಳಿದದ್ದು ಈಗ ನಮ್ಮಪ್ಪನ ಈ ಮಾತಷ್ಟs. ನಡುವ ಕೈ ಹಾಕಿ ನೋಡ್ರಿ, ಮತ್ತ ಮೊದಲಿಂದನs ಸುರು ಮಾಡತಾನ!”