ಅತ್ತೆ ಕತ್ತರಿಸಿದ ಕ್ರಿಸ್‌ಮಸ್ ಮರ

ಕ್ರಿಸ್‌ಮಸ್ ಕಾರ್ಡಿನ ನಾಲ್ಕು ಮೂಲೆಗೂ ಅರಿಶಿನ ಹಚ್ಚುವವರನ್ನು ಎಲ್ಲಾದರೂ ನೋಡಿದ್ದೀರಾ? ನಾನು ನೋಡಿದೆ. ಕಡೂರಿನ ನಮ್ಮ ಮನೆಯಲ್ಲೇ, ಮೊನ್ನೆ ಡಿಸೆಂಬರಿನಲ್ಲಿ. ಹಚ್ಚಿದವರು ನಮ್ಮತ್ತೆ. ಹಬ್ಬಕ್ಕೆ ಕೊಡುವ ಕಾಗದವನ್ನು ಯಾರಾದರೂ ಬೋಳಾಗಿ ಕೊಡುತ್ತಾರೇನೇ ಎಂದು ನನ್ನನ್ನೇ ದಬಾಯಿಸಿದರು.

ಕಾರ್ಡು ಸ್ಟೆಲ್ಲಾ ಸಿಸ್ಟರಿಗೆ. ಎರಡು ವರ್ಷದ ಹಿಂದೆ ಅತ್ತೆಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಗಿತ್ತು. ಆಗ ಇಲ್ಲೇ ನರ್ಸಾಗಿದ್ದ ಈ ಪುಣ್ಯಾತ್ಗಿತ್ತಿ ಡ್ಯೂಟಿ ಮುಗಿಸಿ, ತರೀಕೆರೆ ಬಸ್ಸು ಹತ್ತುವ ಮುಂಚೆ ದಿನಾ ನಮ್ಮನೆಗೆ ಬರುತ್ತಿದ್ದರು. ತಟ್ಟೆಗೆ ಹುರುಳಿಕಾಳು ಸುರಿದು, ಅತ್ತೆಯ ಕೈಯಲ್ಲಿ ಒಂದೊಂದೇ ಕಾಳು ಹೆಕ್ಕಿಸುತ್ತಿದ್ದರು. ಅತ್ತೆ ಬೈದರು, ಅತ್ತರು, ತಟ್ಟೆ ತಳ್ಳಿದರು. ಸಿಸ್ಟರ್ ಜಗ್ಗಲಿಲ್ಲ. ಏಳು ತಿಂಗಳು! ಸ್ವಂತ ಮಗಳಾದರೂ ಮಾಡುತ್ತಿದ್ದಳೋ ಇಲ್ಲವೋ. (ಸೊಸೆಯ ವಿಷಯ ಬಿಡಿ.) ಆಮೇಲೆ ಅವರಿಗೆ ತರೀಕೆರೆಗೇ ಟ್ರಾನ್ಸ್‌ಫರ್ ಆಯಿತು. ಆಗಿನ್ನೂ ಅತ್ತೆಯ ಬೆರಳಿಗೆ ಕಾಳು ಸಿಗುತ್ತಿತ್ತೇ ಹೊರತು ಸೌಟು, ಕತ್ತರಿ ನಿಲ್ಲುತ್ತಿರಲಿಲ್ಲ.

ಈ ಸಲ ಕೈಯಾರೆ ಕಾರ್ಡು ಮಾಡಿ ಕೊಟ್ಟು ಬರೋಣ ಎಂದುಕೊಂಡೆವು. ಬೀರುವಿನ ಮೇಲೆ ಹಳೇ ಮದುವೆ ಪತ್ರಿಕೆಗಳ ಗಂಟೇ ಇದೆ. (ದೇವರ ಚಿತ್ರ ಇರುತ್ತದಲ್ಲ, ಬಿಸಾಡುವ ಧೈರ್ಯ ಯಾರಿಗಿದೆ?) ದೇವರನ್ನು ಬಿಟ್ಟು ಹಸಿರು ಭಾಗ ಮಾತ್ರ ತೆಗೆದೆ.

"ಮರ ನಾನೇ ಕತ್ತರಿಸ್ತೀನಿ ಕಣೇ" ಅಂದರು ಅತ್ತೆ.

ಮಧ್ಯಾಹ್ನ ಪೂರ್ತಿ ಕೂತು ನಾಲ್ಕು ಮರ ಕತ್ತರಿಸಿದರು. ಒಂದಕ್ಕೂ ತುದಿ ನೆಟ್ಟಗಿಲ್ಲ. ಒಂದಂತೂ ಪೂರ್ತಿ ಎಡಕ್ಕೆ ವಾಲಿತ್ತು.

ನನಗೋ ಎಲ್ಲ ನೀಟಾಗಿರಬೇಕು. ಅತ್ತೆ ಮಲಗಿದ್ದಾಗ ಮೊಬೈಲ್ ನೋಡಿಕೊಂಡು, ಸ್ಕೇಲಿಟ್ಟು ಬೇರೆ ಮರ ಕತ್ತರಿಸಿ ಕಾರ್ಡಿಗೆ ಅಂಟಿಸಿಬಿಟ್ಟೆ. ಅವರದ್ದನ್ನು ಪತ್ರಿಕೆಗಳ ಗಂಟಿಗೇ ಸೇರಿಸಿದೆ. ಎದ್ದವರು ನೋಡಿದರು, ಕತ್ತರಿ ಎತ್ತಿಟ್ಟು ಒಳಗೆ ಹೋದರು. ಅವರಿಗೆ ಬೇಜಾರಾಗಿದ್ದು ಗೊತ್ತಾಯಿತು. ಆದರೂ ಕಾರ್ಡು ಬದಲಾಯಿಸಲಿಲ್ಲ. ಎಂಥ ಬುದ್ಧಿ ನನ್ನದು!

ಹೊರಡುವ ದಿನ ನೋಡಿದರೆ ಕೊಬ್ಬರಿ ಮಿಠಾಯಿ ಡಬ್ಬಿಗೆ ಆ ವಾಲಿದ ಮರ ದಾರದಲ್ಲಿ ನೇತಾಡುತ್ತಿದೆ. ಅತ್ತೆ ಹುಡುಕಿ ತೆಗೆದು ಗಿಫ್ಟ್ ಟ್ಯಾಗ್ ಮಾಡಿದ್ದರು. ಹಿಂಬದಿಯಲ್ಲಿ ಯಾರದೋ ಮದುವೆಯ 'ಆಶೀರ್ವಾದವೇ ಉಡುಗೊರೆ' ಹಾಗೇ ಉಳಿದಿತ್ತು! ಅದಕ್ಕೂ ಅರಿಶಿನ ಬಿದ್ದಿತ್ತು, ನನ್ನ ಕಾರ್ಡಿಗೂ. ಬಸ್ಸಿನಲ್ಲಿ ದಾರಿಯುದ್ದಕ್ಕೂ ನನಗೆ ಅದೇ ಮುಜುಗರ. ಚರ್ಚಿಗೆ ಹೋಗುವವರು ಏನಂದುಕೊಂಡಾರು?

ಸಿಸ್ಟರ್ ಅರಿಶಿನ ನೋಡಿ ನಕ್ಕರು. ಕಾರ್ಡು ಚೆನ್ನಾಗಿದೆ ಅಂದು ಟೇಬಲ್ಲಿನ ಮೇಲಿಟ್ಟರು. ಡಬ್ಬಿ ಎತ್ತಿಕೊಂಡವರು ಟ್ಯಾಗ್ ನೋಡುತ್ತಾ ನಿಂತುಬಿಟ್ಟರು.

"ಅಮ್ಮಾ, ಇದನ್ನ ಯಾವ್ ಕೈಯಲ್ಲಿ ಕತ್ತರಿಸಿದ್ರಿ?"

ಅತ್ತೆ ಬಲಗೈ ಎತ್ತಿ ತೋರಿಸಿದರು.

ಸಿಸ್ಟರ್ ಆ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡು ಅತ್ತರು. "ಹಬ್ಬದ ದಿನ ಅಳ್ಬಾರ್ದು ಕಣವ್ವಾ" ಅನ್ನುತ್ತಾ ಅತ್ತೆಯೂ ಅತ್ತರು. ಟ್ಯಾಗು ಅವರ ಮನೆಯ ಕ್ರಿಸ್‌ಮಸ್ ಮರಕ್ಕೇರಿತು, ಎಲ್ಲಕ್ಕಿಂತ ಮುಂದೆ.

ಅತ್ತೆ ಈಗ ತಾವೇ ಕಲಸಿ ಉಣ್ಣುತ್ತಾರೆ. ಅದನ್ನು ನೋಡಿದಾಗೆಲ್ಲ ಸ್ಟೆಲ್ಲಾ ಸಿಸ್ಟರಿಗೆ ಮನಸ್ಸಿನಲ್ಲೇ ಕೈಮುಗಿಯುತ್ತೇನೆ. ಜೊತೆಗೆ ಒಂದು ಪ್ರಶ್ನೆ ಚುಚ್ಚುತ್ತದೆ: ಅತ್ತೆ ಹೇಳಹೊರಟಿದ್ದ ಥ್ಯಾಂಕ್ಸನ್ನು ತಿದ್ದಿ ನೀಟು ಮಾಡಲು ನಾನ್ಯಾರು?