ನಕ್ಷೆಯಲ್ಲಿ ಬಿಟ್ಟ ಚುಕ್ಕೆ

ಬ್ಲಾಗು ಶುರು ಮಾಡಿದ್ದು ಬೇಜಾರಿಗೆ, ಅದು ನನ್ನದಾದದ್ದು ಮಾತ್ರ ಸಿಟ್ಟಿನಿಂದ. ಮಾನವಶಾಸ್ತ್ರದಲ್ಲಿ ಪಿಎಚ್‌ಡಿ ಮಾಡುವವರು ಬರೆಯುವಂಥದ್ದನ್ನೇ ಮೊದಲು ನಾನೂ ಬರೆದೆ. ಗೈಡಿನ ಮೂಡು, ಬರಬೇಕಾದ ತಿಂಗಳು ಬಾರದ ಫೆಲೋಶಿಪ್ಪು, ನಮ್ಮೂರು ಮೊರಬದಿಂದ ಧಾರವಾಡಕ್ಕೆ ಹೋಗುವ ಬಸ್ಸಿನಲ್ಲಿ ನಿಂತುಕೊಂಡೇ ಓದಿ ಮುಗಿಸಿದ ಪುಸ್ತಕಗಳು. ಓದಿದವರು ಏಳು ಜನ ಎಂದು ಬ್ಲಾಗು ತೋರಿಸುತ್ತಿತ್ತು. ಅದರಲ್ಲಿ ನಾಲ್ಕು ಸಲ ನಾನೇ ತೆರೆದು ನೋಡಿದ್ದು.

ಅವ್ವನಿಗೆ ಹೇಳಿದಾಗ ಅವಳು ಕೈಯಲ್ಲಿದ್ದ ಮೆಣಸಿನಕಾಯಿಯ ತೊಟ್ಟು ಮುರಿಯುತ್ತಲೇ ಕೇಳಿದಳು. "ಅದನ್ನ ಬರದ್ರ ಯಾರ ಏನ ಕೊಡತಾರ?"

"ಯಾರೂ ಏನೂ ಕೊಡೂದಿಲ್ಲ."

"ಮತ್ತ ಯಾಕ ಬರೀತಿ ಬೇ?"

ಕೆಲಸವಿಲ್ಲದ ಬಡಗಿ ನಾನು ಎಂದು ಮನಸ್ಸಿನಲ್ಲೇ ಬೈದುಕೊಂಡು ಅವಳ ಜೊತೆ ತೊಟ್ಟು ಮುರಿಯಲು ಕೂತೆ.

ನನ್ನ ಸಂಶೋಧನೆಯ ವಿಷಯ ಮನೆ. ನಮ್ಮ ಎರೆಮಣ್ಣಿನ ಸೀಮೆಯ ಹಳೇ ಮನೆಗಳಲ್ಲಿ ಯಾರು ಎಲ್ಲಿಯವರೆಗೆ ಒಳಗೆ ಬರಬಹುದು ಎಂಬುದನ್ನು ನೋಡುವುದು ನನ್ನ ಕೆಲಸ. ಬೀದಿಗೆ ಕಟ್ಟೆ, ಬಾಗಿಲು ದಾಟಿದರೆ ದನ ಕಟ್ಟುವ ಜಾಗ, ಮೆಟ್ಟಿಲು ಹತ್ತಿದರೆ ಪಡಸಾಲೆ, ಅದರ ಹಿಂದೆ ಅಡುಗೆಮನೆ, ಅದಕ್ಕೆ ಅಂಟಿಕೊಂಡೇ ದೇವರ ಕೋಣೆ. ಪ್ರತಿ ಮನೆಯ ನಕ್ಷೆ ಬರೆದು, ಬಂದು ಹೋಗುವವರು ಎಲ್ಲಿ ನಿಲ್ಲುತ್ತಾರೋ ಅಲ್ಲಿ ಒಂದು ಚುಕ್ಕೆ ಇಡುತ್ತಿದ್ದೆ. ಕೂಲಿಯ ಹೆಂಗಸರದು ಕಟ್ಟೆಯ ಕೆಳಗೆ, ಟ್ರ್ಯಾಕ್ಟರ್ ಡ್ರೈವರನದು ದನದ ಹತ್ತಿರ, ಬೀಗರದು ಪಡಸಾಲೆಯಲ್ಲಿ, ಹತ್ತಿರದ ನೆಂಟ ಹೆಂಗಸರದು ಅಡುಗೆಮನೆಯಲ್ಲಿ. ಸಂಶಿ ಎಂಬ ಊರಿನ ಪಕ್ಕದ ಒಂದು ಹಳ್ಳಿಯಲ್ಲಿ ಇಂಥ ಹನ್ನೊಂದು ನಕ್ಷೆ ಬರೆದೆ. ಒಂದರಲ್ಲೂ ನನ್ನ ಚುಕ್ಕೆ ಇಟ್ಟಿರಲಿಲ್ಲ.

ಇಡಬೇಕೆಂದು ಯಾರೂ ಹೇಳಿರಲಿಲ್ಲ. ಇಡದಂತೆ ಗೈಡು ಮೊದಲೇ ಮಾಡಿದ್ದರು, ಅದೂ ಒಳ್ಳೆಯ ಮಾತಿನಲ್ಲೇ. ಊರಿಗೆ ಹೊರಡುವ ಮುಂಚೆ ಕೋಣೆಗೆ ಕರೆದು ಕೂಡಿಸಿದರು. "ಅಲ್ಲಿ ಮಂದಿ ಜಾತಿ ಕೇಳೂದಿಲ್ಲ. ಯಾವ ಓಣಿ ಅಂತ ಕೇಳತಾರ. ಯುನಿವರ್ಸಿಟಿಯಿಂದ ಬಂದೇನಿ ಅಂತ ಹೇಳಿ ಮಾತು ಹೊಳ್ಳಿಸಿಬಿಡು. ನಿನ್ನ ಅಡ್ಡಹೆಸರಿನಿಂದ ಏನೂ ಗೊತ್ತಾಗೂದಿಲ್ಲ. ಅದು ನಿನ್ನ ಪುಣ್ಯ."

ನಮ್ಮ ಅಡ್ಡಹೆಸರು ಊರಿನ ಹೆಸರಿನಿಂದ ಬಂದದ್ದು. ಮನೆಯಲ್ಲಿ ನಾವು ಬೌದ್ಧರು, ಅಜ್ಜನ ಕಾಲದಿಂದ. ಆದರೆ ಮೊರಬದಲ್ಲಿ ನಮ್ಮ ಓಣಿಯ ಹೆಸರು ಹೇಳಿದರೆ ಅಂಗಡಿಯವನ ಕೈ ಚಿಲ್ಲರೆಯನ್ನು ಒಂದು ಗೇಣು ಮೇಲಿನಿಂದಲೇ ಬಿಡುತ್ತದೆ. ನಾವು ಧರ್ಮ ಬದಲಿಸಿದೆವು, ಅವನ ಕೈ ಬದಲಾಗಲಿಲ್ಲ. ಅದಕ್ಕೇ ಗೈಡಿನ ಮಾತು ನನಗೆ ಆಗ ಉಪಕಾರದಂತೆಯೇ ಕೇಳಿಸಿತು. ಹೂಂ ಎಂದು ತಲೆಯಾಡಿಸಿ ಬಂದೆ. ಆ ತಲೆಯಾಡಿಸಿದ್ದು ನೆನಪಾದಾಗ ಈಗಲೂ ಮೈ ಉರಿಯುತ್ತದೆ.

ಆ ಊರಿನಲ್ಲಿ ಒಬ್ಬ ಅಜ್ಜಿ ನನ್ನನ್ನು ಬಹಳ ಹಚ್ಚಿಕೊಂಡಳು. ಮಗ ಮಾಸ್ತರ, ಸೊಸೆಗೆ ಆಫೀಸಿನ ಕೆಲಸ. ಹಗಲೆಲ್ಲ ಮಾತಿಗೆ ಯಾರೂ ಇಲ್ಲದೆ ಅಜ್ಜಿಯ ಬಾಯಿ ತುರಿಸುತ್ತಿತ್ತು. ಮೊದಲ ದಿನವೇ ಕೇಳಿದಳು. "ಯಾರ ಪೈಕಿ ಬೇ ನೀನು? ಯಾವ ಓಣಿ?"

"ಧಾರವಾಡದ ಯುನಿವರ್ಸಿಟಿಯಿಂದ ಬಂದೇನ್ರಿ."

"ಹೌದಾ? ಅಗದಿ ಚಲೋ ಆತು. ಬಾ ಒಳಗ."

ಅಷ್ಟೇ. ಮೂರು ತಿಂಗಳು ನಾನು ಆ ಮನೆಯ ಅಡುಗೆಮನೆಯಲ್ಲಿ ಒಲೆಯ ಪಕ್ಕ ಕೂತು ಉಂಡೆ. ಅಜ್ಜಿ ರೊಟ್ಟಿ ಬಡಿಯುತ್ತ ಮನೆಯ ಸುದ್ದಿಯನ್ನೆಲ್ಲ ಹೇಳುವಳು, ನಾನು ಬರೆದುಕೊಳ್ಳುವೆ. ಬಿಸಿ ರೊಟ್ಟಿಯ ಮೇಲೆ ಬೆಣ್ಣೆ ಇಟ್ಟು ಬೆರಳಿನಿಂದ ತಾನೇ ಸವರುವಳು. ಇನ್ನೊಂದು ಹಾಕಿಸಿಕೊಳ್ಳದಿದ್ದರೆ ಬೈಯುವಳು. ಒಂದು ದಿನ ದೇವರ ಕೋಣೆಯ ಗೋಡೆಯ ಮಾಡದಲ್ಲಿದ್ದ ಕುಂಕುಮದ ಭರಣಿ ತಗೊಂಡು ಬಾ ಎಂದು ನನ್ನನ್ನೇ ಕಳಿಸಿದಳು. ನಾನು ಹೋಗಿ ತಂದೆ.

ಇದನ್ನೆಲ್ಲ ಒಂದು ಭಾನುವಾರ ಅವ್ವನ ಮುಂದೆ ಹೇಳಿದೆ. ಖುಷಿಯಿಂದಲೇ ಹೇಳಿದೆ, ಆ ಬೆಣ್ಣೆಯ ರುಚಿ ಇನ್ನೂ ನಾಲಿಗೆಯ ಮೇಲಿತ್ತು. ಅವ್ವ ಆ ವಾರವಿಡೀ ಬೇರೆಯವರ ಹೊಲದಲ್ಲಿ ಕಸ ತೆಗೆದು ಬಂದಿದ್ದಳು. ಅಂಗಳದಲ್ಲಿ ಕಾಲು ಚಾಚಿ ಕೂತು ಪೂರ್ತಿ ಕೇಳಿದಳು.

"ಅಡಗಿಮನ್ಯಾಗ ಕುಂದರಸಿದ್ರು?"

"ಹೂಂ ಬೇ."

"ನೀ ಯಾರಂತ ಹೇಳಿದ್ದಿ?"

"ಯುನಿವರ್ಸಿಟಿಯಿಂದ ಬಂದೇನಿ ಅಂತ." ಅವ್ವನಿಗೆ ಅಷ್ಟು ಸಾಕಾಯಿತು.

"ಅಂದ್ರ ಅಲ್ಲಿ ಉಂಡಾಕಿ ನನ್ನ ಮಗಳಲ್ಲ. ಬ್ಯಾರೆ ಯಾರೋ" ಎಂದಳು. ದನಿ ಏರಿಸಲಿಲ್ಲ. "ಹೊಲದಾಗ ಮಾಲಕರ ನೀರಿನ ಚರಗಿ ನಾ ಮುಟ್ಟೂದಿಲ್ಲ. ಮನಿಯಿಂದ ಬಾಟ್ಲಿ ಒಯ್ಯತೇನಿ. ನೀರಡಿಕಿ ಆಗಿ ಸಾಯೂ ಹಂಗಾದ್ರೂ ನಾ ಬ್ಯಾರೆಯಾಕಿ ಅಂತ ಸುಳ್ಳ ಹೇಳಿ ಒಂದ ಗುಟುಕ ಕುಡದಿಲ್ಲ. ಇಷ್ಟ ಓದಿ ನೀ ಇದನ್ನ ಕಲತಿ?"

ಮೊದಲು ಅವ್ವನ ಮೇಲೇ ಸಿಟ್ಟು ಬಂತು. ನಿನಗೇನು ಗೊತ್ತು, ಸಂಶೋಧನೆ ಅಂದರೆ ಹೀಗೇ ಇರುತ್ತದೆ ಎಂದು ಕೂಗಾಡಿದೆ. ಅವಳು ಎದ್ದು ಒಳಗೆ ಹೋದಳು. ಯಾರ ಮೇಲೆ ಹರಿಹಾಯಬೇಕೋ ತಿಳಿಯದೆ ಮೊಬೈಲ್ ಹಿಡಿದು ಕೂತೆ. ಮಧ್ಯಾಹ್ನದ ಊಟವನ್ನೂ ಬಿಟ್ಟು ಒಂದೇ ಉಸಿರಿಗೆ ಬ್ಲಾಗಿನಲ್ಲಿ ಬರೆದೆ. ನನ್ನ ಹೆಸರು ಹಾಕಿದೆ, ನನ್ನ ಊರು ಹಾಕಿದೆ, ನನ್ನ ಓಣಿಯನ್ನೂ ಹಾಕಿದೆ. ಅಜ್ಜಿಯ ಊರನ್ನೂ ಮನೆತನವನ್ನೂ ಮುಚ್ಚಿದೆ. ಅವಳ ಮನೆಯ ನಕ್ಷೆಯ ಫೋಟೋ ಹಾಕಿ, ಒಲೆಯ ಪಕ್ಕ ಕೆಂಪು ಚುಕ್ಕೆ ಇಟ್ಟು ಅದರ ಕೆಳಗೆ ಹೀಗೆ ಬರೆದೆ: ಇದು ನಾನು. ಓಣಿ ಮುಚ್ಚಿಟ್ಟಿದ್ದರಿಂದ ಇಲ್ಲಿಯವರೆಗೆ ಬಂದೆ. ಹೇಳಿದ್ದರೆ ಎಲ್ಲಿ ನಿಲ್ಲುತ್ತಿದ್ದೆನೋ ಗೊತ್ತಿಲ್ಲ. ನನ್ನ ಸಂಶೋಧನೆಗೆ ಬೇಕಾಗಿದ್ದದ್ದು ಅದೊಂದೇ ಉತ್ತರ, ಅದನ್ನೇ ನಾನು ಕೇಳಲಿಲ್ಲ.

ಎರಡು ದಿನದಲ್ಲಿ ಅದು ಎಲ್ಲೆಲ್ಲೋ ಹೋಯಿತು. ವಾಟ್ಸ್ಆ್ಯಪ್ ಗುಂಪುಗಳಲ್ಲಿ ಹರಿದಾಡಿತು. ಗುರುತಿಲ್ಲದವರು ಶಾಭಾಷ್ ಎಂದರು, ಗುರುತಿಲ್ಲದವರೇ ಬೈದರು. ಮೂರನೇ ದಿನ ಗೈಡು ಕರೆಸಿದರು. ಮೇಜಿನ ಮೇಲೆ ನನ್ನ ಪೋಸ್ಟಿನ ಪ್ರಿಂಟು, ಅದರ ಮೇಲೆ ನನ್ನ ಆರು ತಿಂಗಳ ಪ್ರಗತಿ ವರದಿ. ವರದಿಗೆ ಅವರ ಸಹಿ ಬೀಳದಿದ್ದರೆ ನನ್ನ ನೋಂದಣಿ ನಿಂತುಹೋಗುತ್ತದೆ.

"ಫೀಲ್ಡಿನ ಮಂದಿಗೆ ಮೋಸ ಮಾಡಿದಂಗ ಆತು ಇದು" ಎಂದರು.

"ಮೋಸ ಆಗಿದ್ದು ಬರದಾಗ ಅಲ್ರಿ ಸರ್. ಬರೀದ ಇದ್ದಾಗ."

ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಕೆಟ್ಟ ಮನುಷ್ಯ ಅಲ್ಲ ಅವರು, ಅದೇ ತೊಂದರೆ. ಕೆಟ್ಟವರಾಗಿದ್ದರೆ ನನಗೆ ಹಗುರಾಗುತ್ತಿತ್ತು. "ನೋಡವಾ, ನಾ ನಿನ್ನ ಸಲುವಾಗಿ ಹೇಳತೇನಿ. ಡಿಗ್ರಿ ಕೈಗೆ ಬರೂತನಾ ಬಾಯಿ ಬಿಗಿಹಿಡಿ. ಆಮ್ಯಾಲೆ ಬೇಕಾದ್ದು ಬರಿ. ಒಂದ ವಾರದಾಗ ಅದನ್ನ ತಗದ್ರ ಸಹಿ ಮಾಡತೇನಿ."

"ಮುಚ್ಚಿಡು ಅಂದವರು ನೀವ ಅಲ್ರಿ ಸರ್?"

"ನಾ ಹೇಳಿದ್ದು ಬಾಯಿಮಾತು. ನೀ ಬರದಿದ್ದು ದಾಖಲೆ."

ಹೊರಗೆ ಬಂದು ಬಸ್ಸು ಹತ್ತಿದೆ. ಊರಿನವರೆಗೂ ಹಲ್ಲು ಕಚ್ಚಿಕೊಂಡು ಕೂತಿದ್ದೆ. ಒಂದು ಮಾತು ಮಾತ್ರ ಖಚಿತವಾಗಿತ್ತು. ಇದನ್ನು ತೆಗಿ ಎನ್ನುವ ಹಕ್ಕು ಯಾರಿಗಾದರೂ ಇದ್ದರೆ ಅದು ಆ ಅಜ್ಜಿಗೆ. ಅವಳು ತೆಗಿ ಎಂದರೆ ತೆಗೆಯುತ್ತೇನೆ, ಗೈಡು ತೆಗಿ ಎಂದರೆ ತೆಗೆಯುವುದಿಲ್ಲ. ಅವಳು ತೆಗಿ ಎನ್ನಲಿ ಎಂಬ ಆಸೆಯೂ ಒಳಗೊಳಗೇ ಇತ್ತು, ಸುಳ್ಳು ಯಾಕೆ ಹೇಳಲಿ. ಆಗ ಸಹಿ ಆಗುತ್ತಿತ್ತು, ನನ್ನ ಮಾನವೂ ಉಳಿಯುತ್ತಿತ್ತು.

ಮರುದಿನ ಹುಬ್ಬಳ್ಳಿಯಲ್ಲಿ ಬಸ್ಸು ಬದಲಿಸಿ, ಸಂಶಿಯಲ್ಲಿ ಇಳಿದು ಟಂಟಂ ಆಟೋ ಹತ್ತಿ ಆ ಊರಿಗೆ ಹೋದೆ. ಸೊಸೆಗೆ ಅಂದು ರಜೆ. ಬಾಗಿಲಲ್ಲಿ ನನ್ನನ್ನು ಕಂಡವಳೇ ಒಳಗೆ ಸರಿದಳು. ಸ್ವಲ್ಪ ಹೊತ್ತಿಗೆ ಅಜ್ಜಿ ಬಂದಳು. ಬಾ ಒಳಗ ಎನ್ನಲಿಲ್ಲ. ಕಟ್ಟೆಯ ಮೇಲೆ ತಾನು ಕೂತಳು, ನಾನು ಕೆಳಗಿನ ಮೆಟ್ಟಿಲ ಮೇಲೆ ಕೂತೆ.

"ಸೊಸಿ ಓದಿ ಹೇಳಿದ್ಲು. ಎರಡ ಸಲ ಓದಿಸಿದೆ."

"ನಿಮ್ಮ ಊರಿನ ಹೆಸರ ಹಾಕಿಲ್ರಿ ಅಮ್ಮಾ."

"ಹಾಕದಿದ್ರೇನಾತು? ನನ್ನ ಅಡಗಿಮನಿ ನನಗ ಗುರ್ತ ಸಿಗೂದಿಲ್ಲೇನು?"

ಬೀದಿಯಲ್ಲಿ ಒಂದು ಟ್ರ್ಯಾಕ್ಟರ್ ಹೋಯಿತು. ಅದರ ಸದ್ದು ಅಡಗಿದೊಡನೆ ನಾನು ಬಂದ ಕೆಲಸ ಹೇಳಿಬಿಟ್ಟೆ. "ನೀವು ತಗಿ ಅಂದ್ರ ಈಗಿಂದೀಗ ತಗೀತೇನ್ರಿ. ಬ್ಯಾರೆ ಯಾರ ಹೇಳಿದ್ರೂ ತಗೀಯೂದಿಲ್ಲ."

ಅಜ್ಜಿ ಬೇರೆಯೇ ಮಾತು ತೆಗೆದಳು. "ಹೇಳಿದ್ರ ಎಲ್ಲಿ ನಿಲ್ಲತಿದ್ದೆನೋ ಗೊತ್ತಿಲ್ಲ ಅಂತ ಬರದಿಯಲ್ಲ. ನನಗ ಗೊತ್ತೈತಿ. ಈಗ ಕುಂತಿಯಲ್ಲ, ಇಲ್ಲೇ. ರೊಟ್ಟಿ ಕೊಡತಿದ್ದೆ. ಮ್ಯಾಲಿಂದ ಹಾಕತಿದ್ದೆ."

ಎದ್ದು ಹೋಗಿಬಿಡಬೇಕು ಎನಿಸಿತು. ಎದ್ದು ಹೋಗಲು ನಾನು ಇಷ್ಟು ದೂರ ಬಂದಿಲ್ಲ ಎಂದುಕೊಂಡು ಕೂತೇ ಇದ್ದೆ. "ಈಗ್ರಿ?" ಎಂದು ಕೇಳಿದೆ.

"ಈಗ ಒಳಗ ಕರೀಬೇಕಂತ ಹೊರಗ ಬಂದೆ. ಬಾಯಾಗ ಬರವಲ್ತು." ಸೆರಗಿನ ಚುಂಗನ್ನು ಬೆರಳಿಗೆ ಸುತ್ತಿಕೊಂಡಳು. "ಅದರಾಗ ಒಂದ ಮಾತ ಬರದಿ. ಈ ಅಜ್ಜಿ ಭಾಳ ದೊಡ್ಡ ಮನಸಿನಾಕಿ, ಮಂದಿಯೊಳಗ ಭೇದ ಮಾಡೂದಿಲ್ಲ ಅಂತ. ಬರದಿಲ್ಲೇನು?"

"ಬರದೇನ್ರಿ."

"ಅದೊಂದ ತಗಿ. ಉಳದದ್ದು ಇರಲಿ."

ಅಷ್ಟರಲ್ಲಿ ಸೊಸೆ ಒಳಗಿನಿಂದ ಕರೆದಳು. ಅಜ್ಜಿ ಮೊಣಕಾಲು ಹಿಡಿದುಕೊಂಡು ಎದ್ದು ಹೋದಳು. ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತು ಮೊಬೈಲ್ ತೆಗೆದು ಆ ಒಂದು ಸಾಲು ಅಳಿಸಿದೆ. ಮೂರು ತಿಂಗಳು ಅವಳ ಕೈಯ ರೊಟ್ಟಿ ಉಂಡು ನಾನು ಬರೆದ ಶುದ್ಧ ಸುಳ್ಳು ಅದೊಂದೇ ಇತ್ತು, ಅದನ್ನು ಅವಳೇ ಹಿಡಿದು ಕೊಟ್ಟಳು. ಅವಳ ಮೇಲೆ ಸಿಟ್ಟು ಇತ್ತು, ಈಗಲೂ ಇದೆ. ಆದರೆ ನನ್ನ ವಿಭಾಗದಲ್ಲಿ ಅಷ್ಟು ನೆಟ್ಟಗೆ ಮಾತಾಡಿದವರನ್ನು ನಾನು ಕಂಡಿಲ್ಲ.

ವಾರದ ಕೊನೆಯ ದಿನ ಗೈಡಿನ ಕೋಣೆಗೆ ಹೋದೆ.

"ತಗದಿಯೇನು?"

"ಒಂದ ಸಾಲು ತಗದೇನ್ರಿ."

ತಮ್ಮ ಕಂಪ್ಯೂಟರಿನಲ್ಲಿ ತೆರೆದು ಮೇಲಿಂದ ಕೆಳಗೆ ಓದಿದರು. ಯಾವ ಸಾಲು ಹೋಗಿದೆ ಎಂಬುದು ಅವರಿಗೆ ಗೊತ್ತಾಗಲಿಲ್ಲ. ಹೇಳಿದೆ. ಅಜ್ಜಿ ಹೇಳಿದ್ದನ್ನೂ ಹೇಳಿದೆ. ಕುರ್ಚಿಯನ್ನು ನನ್ನ ಕಡೆ ತಿರುಗಿಸಿ ಕೇಳಿದರು. "ಆಕಿ ಒಪ್ಪಿದ್ದಕ್ಕ ಬರವಣಿಗಿ ಐತೇನು? ಸಹಿ?"

"ಇಲ್ರಿ. ಬಾಯಿಮಾತು."

ಪೆನ್ನಿನ ಮುಚ್ಚಳ ಹಾಕಿ ಜೇಬಿಗೆ ಸಿಕ್ಕಿಸಿಕೊಂಡರು. ನಾನು ಸಹಿ ಇಲ್ಲದ ವರದಿಯನ್ನು ಎತ್ತಿಕೊಂಡು ಹೊರಗೆ ಬಂದೆ.

ನೋಂದಣಿ ನಿಲ್ಲದಿರಬೇಕಾದರೆ ಒಂದೇ ದಾರಿ ಉಳಿದಿತ್ತು, ಗೈಡು ಬದಲಿಸಿಕೊಡಿ ಎಂಬ ಅರ್ಜಿ. ನಮ್ಮಲ್ಲಿ ಅಂಥ ಅರ್ಜಿ ಹಾಕಿದವರನ್ನು ಇನ್ನೊಬ್ಬ ಗೈಡು ಸುಲಭಕ್ಕೆ ತಗೊಳ್ಳುವುದಿಲ್ಲ. ತಕರಾರಿನವಳು ಎಂಬ ಹೆಸರು ಬೀಳುತ್ತದೆ. ಬೀಳಲಿ ಎಂದು ಆಫೀಸಿಗೆ ಹೋಗಿ ಫಾರ್ಮು ತಗೊಂಡೆ. ಅದರಲ್ಲಿ ಕಾರಣ ಎಂದು ಕೇಳಿದ ಕಡೆ ಎರಡೇ ಗೆರೆ ಇದ್ದವು. ಕಿಟಕಿಯಾಚೆ ಕೂತಿದ್ದ ಕ್ಲರ್ಕ್ ಮೇಡಂ ನನ್ನ ಪೆನ್ನು ನಿಂತಿದ್ದು ನೋಡಿ ಮೆಲ್ಲಗೆ ಹೇಳಿದರು. "ವೈಯಕ್ತಿಕ ಅಂತ ಬರೀರಿ. ಎಲ್ಲಾರೂ ಹಂಗ ಬರೀತಾರ. ಯಾರಿಗೂ ತ್ರಾಸ ಇಲ್ಲ."

ನಾನು ಹಾಗೆ ಬರೆಯಲಿಲ್ಲ. ಆ ಎರಡು ಗೆರೆಯ ಮೇಲೆ ನನ್ನ ಬ್ಲಾಗಿನ ವಿಳಾಸವನ್ನು ಒಂದೊಂದೇ ಅಕ್ಷರ ಬಿಡಿಸಿ ಬರೆದು, ಕೆಳಗೆ ಸಹಿ ಮಾಡಿ ಒಳಗೆ ಕೊಟ್ಟೆ.