ಕಾಟಪ್ಪನ ಸಾವಿರ ಬಸ್ಕಿ

ಮೈಸೂರಿನಲ್ಲಿ ಓದಿ ಮಧುಗಿರಿಗೆ ಸೊಸೆಯಾಗಿ ಬಂದ ನನಗೆ ದಿನವೂ ಎಚ್ಚರವಾಗುತ್ತಿದ್ದುದು ಹಿತ್ತಲ ಗೋಡೆಯಾಚೆ ಕಾಟಪ್ಪ ಬಸ್ಕಿ ಹೊಡೆಯುವ ಸದ್ದಿಗೆ. ಹುಂ, ಹುಂ ಎಂದು ಉಸಿರು ಬಿಡುತ್ತಿದ್ದ. ನಲವತ್ತೈದು ದಾಟಿದ್ದವನು, ದೊಡ್ಡೇರಿಯಿಂದ ಬಂದು ಗಾಡಿಗೆ ಕಲ್ಲು ಹೇರುವ ಕೆಲಸಕ್ಕೆ ನಿಂತಿದ್ದ. ಎಡಗಿವಿ ಕುಸ್ತಿಯಲ್ಲಿ ನಜ್ಜಾಗಿತ್ತು. ಆ ಉಸಿರು ಒಂದು ಗಳಿಗೆ ತಡೆದರೂ ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ನನ್ನ ತಂದೆ ಮೆಟ್ಟಿಲು ಹತ್ತುತ್ತಲೇ ಉಸಿರು ನಿಂತು ಹೋದವರು.

ಆ ವರ್ಷ ಊರ ಗರಡಿಯಲ್ಲಿ ಕುಸ್ತಿ ಕಲಿಸುತ್ತಿದ್ದ ಉಸ್ತಾದರು ತೀರಿಕೊಂಡಿದ್ದರು. ಶ್ರಾವಣದ ಮೊದಲ ಶನಿವಾರ ಹನುಮಂತನ ಮುಂದೆ ನಿಲ್ಲದೆ ಸಾವಿರ ಬಸ್ಕಿ ಹೊಡೆದವನಿಗೆ ಅವರ ಜಾಗ. ನಡುವೆ ನಿಂತರೆ ಮುಗಿಯಿತು. ದಸರೆಯಲ್ಲಿ ಮಹಾರಾಜರೆದುರಿನ ಕುಸ್ತಿಗೆ ಯಾರು ಹೋಗಬೇಕೆಂದು ಹೇಳುವವರು ಉಸ್ತಾದರೇ. ಕಾಟಪ್ಪನನ್ನು ಅವರು ಒಮ್ಮೆಯೂ ಕಳಿಸಿರಲಿಲ್ಲ. ಅವನಿಗೆ ಈಗ ಆ ಜಾಗವೊಂದೇ ಬೇಕಾಗಿತ್ತು.

ಯುಗಾದಿಯಲ್ಲಿ ಅವನ ಅಳತೆ ಇನ್ನೂರು. ಸೋಮವಾರಕ್ಕೆ ಐವತ್ತರಂತೆ ಹದಿನಾರು ವಾರ ಏರಿಸುವುದೆಂದು ಗೊತ್ತುಮಾಡಿಕೊಂಡ. ಇಪ್ಪತ್ತರಾಚೆ ಎಣಿಸಲು ಬಾರದು. ಬಸ್ಕಿಗೊಂದು ಹುಣಸೆ ಬೀಜವನ್ನು ಈ ಕುಡಿಕೆಯಿಂದ ಆ ಕುಡಿಕೆಗೆ ಹಾಕುತ್ತಿದ್ದ. ಸೋಮವಾರದ ಹೊಸ ಬೀಜ ಎಣಿಸಿಕೊಡುವ ಕೆಲಸ ನನ್ನದು.

“ನೀನು ಇಸ್ಕೂಲು ಕಂಡೋಳು ಕಣವ್ವ, ನಿನ್ನ ಲೆಕ್ಕ ತಪ್ಪಾಕಿಲ್ಲ.”

“ಉಸ್ತಾದ್ರು ಮೊದ್ಲು ಒಂದು ಕೊಡ ನೀರು ಸೇದ್ಲಿ,” ಎಂದು ಒಳಗಿನಿಂದ ಅವನನ್ನು ಅಣಕಿಸುತ್ತಿದ್ದಳು ಹೆಂಡತಿ ಪುಟ್ಟಕ್ಕ.

ನಾಲ್ಕನೆಯ ಸೋಮವಾರ ಅವನ ತುಟಿ ನೀಲಿಗಟ್ಟಿದ್ದು ಕಂಡೆ. “ಸಾಕು ಕಾಟಪ್ಪಣ್ಣ” ಎಂದರೆ ನಕ್ಕುಬಿಟ್ಟ. ನನ್ನ ಕಂಕುಳಲ್ಲಿ ಮಗು ಅಳುತ್ತಿತ್ತು. ಮೂವತ್ತು ಬೀಜ ಎಣಿಸಿ, ಐವತ್ತು ಎಂದು ಕೊಟ್ಟೆ. ಆಮೇಲೆ ಪ್ರತಿ ವಾರವೂ ಹಾಗೆಯೇ ಮಾಡಿದೆ.

ಗರಡಿಯೊಳಗೆ ಹೆಂಗಸರು ಹೋಗುವಂತಿಲ್ಲ. ಆ ಶನಿವಾರ ಬೀದಿಯ ಈಚೆ ಪುಟ್ಟಕ್ಕನ ಪಕ್ಕ ನಿಂತಿದ್ದೆ. ಒಳಗೆ ಎಲ್ಲರೂ ಕೂಡಿ ಎಣಿಸುತ್ತಿದ್ದರು. ಏಳುನೂರ ನಲವತ್ತಕ್ಕೆ ಎಣಿಕೆ ನಿಂತಿತು. ಬಾಗಿಲಲ್ಲಿ ಇಣುಕಿದರೆ, ಕಾಟಪ್ಪ ಬೆವರೊರೆಸಿಕೊಂಡು ಹನುಮಂತನಿಗೆ ಕೈಮುಗಿಯುತ್ತಿದ್ದ. ಮುಖದಲ್ಲಿ ನಗು. ಕುಡಿಕೆ ಬರಿದಾಗುವ ಹೊತ್ತು ಅವನ ಮೈಗೆ ಗೊತ್ತಿತ್ತು; ಸಾವಿರ ಮುಗಿಯಿತೆಂದೇ ನಿಂತಿದ್ದ.

“ಯಾಕ್ಲಾ ನಿಂತೆ? ಇನ್ನೂ ಇನ್ನೂರರವತ್ತು ಐತೆ,” ಎಂದ ಎಣಿಸುತ್ತಿದ್ದವರಲ್ಲೊಬ್ಬ.

“ಕುಡಿಕೆ ಮನೇಲೇ ಬುಟ್ಟು ಬಂದವ್ನೆ ಕಣ್ಲಾ,” ಎಂದ ಇನ್ನೊಬ್ಬ. ಗರಡಿಯೆಲ್ಲ ನಕ್ಕಿತು.

ಸಂಜೆ ಅವನು ಕುಡಿಕೆ ತಂದು ನನ್ನ ಮುಂದಿಟ್ಟ. “ಬೀಜ ಎಲ್ಲಾರ ಚೆಲ್ಲೋಗವೇನೋ, ಒಂದ್ಸಲಿ ಎಣಿಸಿ ನೋಡವ್ವ.”

ಎಣಿಸಿದೆ. ಏಳುನೂರ ನಲವತ್ತು. ಅವನ ಹಿಂದೆಯೇ ಬಂದಿದ್ದ ಪುಟ್ಟಕ್ಕ ನನ್ನ ಮುಖವನ್ನೇ ನೋಡುತ್ತಿದ್ದಳು.

“ಸಾವಿರ ಇವೆ,” ಎಂದೆ.

“ಅಂಗಾರೆ ನನ್ನ ಮೈಯೇ ನಂಗೆ ಸುಳ್ಳೇಳ್ತು,” ಎಂದು ಎದ್ದು ಹೋದ. ಕುಡಿಕೆಯನ್ನು ಒಯ್ಯಲಿಲ್ಲ.

ಕಾಟಪ್ಪ ಬಸ್ಕಿ ಬಿಟ್ಟಿದ್ದಾನೆ; ಈಗ ಗೋಡೆಯಾಚೆ ಸದ್ದಿಲ್ಲ. ಆದರೂ ಅದೇ ಹೊತ್ತಿಗೆ ಎಚ್ಚರವಾಗುತ್ತದೆ. ಮಗುವಿನ ಮೂಗಿನ ಹತ್ತಿರ ಬೆರಳು ಹಿಡಿದು ನೋಡಿ, ಮತ್ತೆ ಗೋಡೆಯ ಕಡೆ ಕಿವಿಗೊಟ್ಟು ಮಲಗಿರುತ್ತೇನೆ.